ಆಡುವವರು, ನೋಡುವವರು: ಗೇಮ್ ಲೈವ್‌ನ ಹಿಂದಿನ ಕತೆ

ಗೇಮ್ ಆಡಿ ಆಡಿ ಹುಡುಗರು ಹಾಳಾದರು ಅನ್ನುವುದು ಹಳೆಯ ದೂರು. ಈಗ ಊರಲ್ಲಿ ಕೇಳಿಬರುವುದು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು: ‘ಅವನು ಆಡೋದೂ ಇಲ್ಲ ಕಣ್ರೀ, ಯಾರೋ ಆಡೋದನ್ನ ನೋಡ್ಕೊಂಡು ಕೂತಿರ್ತಾನೆ.’ ಈ ಆಶ್ಚರ್ಯವೇ ನಮಗೆ ಆಶ್ಚರ್ಯ. ಕರಾವಳಿ, ಮಲೆನಾಡಿನಲ್ಲಿ ಯಕ್ಷಗಾನಕ್ಕೆ ‘ಆಟ’ ಎಂದೇ ಹೆಸರು. ಕೊಯ್ಲಾದ ಗದ್ದೆಯಲ್ಲಿ ಚಾಪೆ ಹಾಸಿಕೊಂಡು ಬೆಳಗಿನ ತನಕ ಇನ್ನೊಬ್ಬರ ಆಟ ನೋಡಿದ ಅಜ್ಜನನ್ನು ‘ನೀನ್ಯಾಕೆ ಕುಣಿಯಲಿಲ್ಲ’ ಎಂದು ಯಾರೂ ಕೇಳಲಿಲ್ಲ. ಕಬಡ್ಡಿ, ಕಂಬಳ, ಕುಸ್ತಿ ಎಲ್ಲದರಲ್ಲೂ ಆಡುವವರು ಬೆರಳೆಣಿಕೆ, ನೋಡುವುದು ಇಡೀ ಊರು. ಹಾಗಾಗಿ ನೋಡುವುದು ಹೊಸದಲ್ಲ. ಮೇಳವಿಲ್ಲದೆ, ಸಮಿತಿಯ ರಸೀದಿ ಪುಸ್ತಕವಿಲ್ಲದೆ, ಒಬ್ಬ ಹುಡುಗ ತನ್ನ ಕೋಣೆಯಲ್ಲೇ ಕೂತು ಆಟ ಕಟ್ಟಬಲ್ಲ ಎಂಬುದು ಹೊಸದು.

ಪತ್ರಿಕೋದ್ಯಮ ಓದಿದ ನಮಗೆ ‘ಲೈವ್’ ಅಂದರೆ ತಲೆ ಮೇಲೆ ಡಿಶ್ ಹೊತ್ತ ಓಬಿ ವ್ಯಾನ್. ಜಿಲ್ಲಾ ಕೇಂದ್ರಕ್ಕೂ ಅದು ಬರುತ್ತಿದ್ದುದು ಚುನಾವಣೆಗೋ, ನೆರೆಗೋ, ಕೊಲೆಗೋ ಮಾತ್ರ. ಆ ವ್ಯಾನ್ ಇವತ್ತು ಒಂದು ಆ್ಯಪ್‌ನೊಳಗಿನ ಕೆಂಪು ಗುಂಡಿಯಾಗಿದೆ. ಹಾಗೆ ಕುಗ್ಗಿಸುವ ಕೆಲಸದಲ್ಲಿ ದೊಡ್ಡ ಪಾಲು ಸುದ್ದಿ ವಾಹಿನಿಗಳದ್ದಲ್ಲ, ಗೇಮ್ ಆಡುವವರದ್ದು. ನಮ್ಮ ತರಗತಿಯ ಮಾಧ್ಯಮ ಚರಿತ್ರೆಯ ಪಾಠದಲ್ಲಿ ಇದು ಇರಲಿಲ್ಲ. ಅದಕ್ಕೇ ಬಳಗದವರು ಕೂತು ಬರೆದುಕೊಂಡೆವು.

ಕತೆ ಕ್ಯಾಲಿಫೋರ್ನಿಯಾದಲ್ಲಿ ಶುರುವಾಯಿತು ಅನ್ನುತ್ತಾರೆ. ನಮ್ಮ ಪ್ರಕಾರ ಶುರುವಾದದ್ದು ದಕ್ಷಿಣ ಕೊರಿಯಾದಲ್ಲಿ. 1997ರ ಏಷ್ಯಾ ಆರ್ಥಿಕ ಕುಸಿತ ಆ ದೇಶವನ್ನು ಐಎಂಎಫ್ ಬಾಗಿಲಿಗೆ ತಂದು ನಿಲ್ಲಿಸಿತು. ಕೆಲಸ ಕಳೆದುಕೊಂಡ ಅನೇಕರು ಕೈಲಿದ್ದ ಹಣದಲ್ಲಿ ಕಂಪ್ಯೂಟರ್ ಅಂಗಡಿ ತೆರೆದರು. ಅಲ್ಲಿ ಅದಕ್ಕೆ ‘ಪಿಸಿ ಬಾಂಗ್’ ಎಂದು ಹೆಸರು, ನಮ್ಮ ಸೈಬರ್ ಕೆಫೆಯ ದೊಡ್ಡಣ್ಣ. ಸರ್ಕಾರ ವೇಗದ ಇಂಟರ್ನೆಟ್‌ಗೆ ಹಣ ಸುರಿಯಿತು. 1998ರಲ್ಲಿ ‘ಸ್ಟಾರ್‌ಕ್ರಾಫ್ಟ್’ ಎಂಬ ಗೇಮ್ ಬಂತು. ಮೂರೂ ಒಂದೇ ಕಾಲಕ್ಕೆ ಕೂಡಿಬಂದವು. ಅಂಗಡಿಯಲ್ಲಿ ಆಡುವವನ ಹಿಂದೆ ನಾಲ್ಕು ಜನ ನಿಂತು ನೋಡುವುದು ಮಾಮೂಲಾಯಿತು. ಹಿಂದೆ ನಿಂತ ಆ ನಾಲ್ಕು ಜನರನ್ನು ನಂಬಿ 2000ದಲ್ಲಿ ‘ಆನ್‌ಗೇಮ್‌ನೆಟ್’ ಎಂಬ ಕೇಬಲ್ ಚಾನಲ್ ದಿನವಿಡೀ ಗೇಮ್ ಪ್ರಸಾರ ಮಾಡತೊಡಗಿತು. 2004ರಲ್ಲಿ ಬುಸಾನ್ ನಗರದ ಗ್ವಾಂಗಲ್ಲಿ ಕಡಲತೀರದಲ್ಲಿ ನಡೆದ ಲೀಗ್ ಫೈನಲ್‌ಗೆ ಸುಮಾರು 1 ಲಕ್ಷ ಜನ ಸೇರಿದ್ದರೆಂದು ಲೆಕ್ಕ. ಮರಳ ಮೇಲೆ ಕೂತು, ದೊಡ್ಡ ಪರದೆಯಲ್ಲಿ ಇಬ್ಬರು ಹುಡುಗರ ಮೌಸ್ ಓಡಾಟ ನೋಡಲು.

ಆದರೆ ಅದೂ ಟಿವಿಯೇ. ಸ್ಟುಡಿಯೊ ಇದ್ದವನ ಆಟ ಮಾತ್ರ ಪ್ರಸಾರವಾಗುತ್ತಿತ್ತು. 2006ರಲ್ಲಿ ಬಂದ ‘ಆಫ್ರಿಕಾ ಟಿವಿ’ ಆ ಬೇಲಿ ಮುರಿಯಿತು. ಹೆಸರು ಕೇಳಿ ಖಂಡ ಅಂದುಕೊಳ್ಳಬೇಡಿ. ಯಾರು ಬೇಕಾದರೂ ಮುಕ್ತವಾಗಿ ಪ್ರಸಾರ ಮಾಡಬಹುದು ಎಂಬರ್ಥದ ಇಂಗ್ಲಿಷ್ ಪದಗಳನ್ನು ಕತ್ತರಿಸಿ ಜೋಡಿಸಿದ ಹೆಸರದು. ಮನೆಯಿಂದಲೇ ಪ್ರಸಾರ ಮಾಡುವವನಿಗೆ ನೋಡುಗರು ‘ಸ್ಟಾರ್ ಬಲೂನ್’ ಕೊಂಡು ಕಳಿಸುವ ವ್ಯವಸ್ಥೆ ಅಲ್ಲಿತ್ತು. ಬಲೂನು ದುಡ್ಡಾಗುತ್ತಿತ್ತು. ಇವತ್ತು ಯೂಟ್ಯೂಬ್‌ನಲ್ಲಿ ‘ಸೂಪರ್ ಚಾಟ್’ ಅನ್ನುವುದರ ಅಜ್ಜ ಇದು. ನಾಟಕದ ನಡುವೆ ನಟನ ಅಂಗಿಗೆ ನೋಟು ಚುಚ್ಚಿ, ಮೈಕಿನಲ್ಲಿ ತಮ್ಮ ಹೆಸರು ಹೇಳಿಸಿಕೊಳ್ಳುವ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಪತ್ರಕರ್ತರು ನಿಂತು ನೋಡಬೇಕಾದ ಒಂದು ತಿರುವಿದೆ. 2008ರಲ್ಲಿ ಅಮೆರಿಕದ ದನದ ಮಾಂಸದ ಆಮದನ್ನು ವಿರೋಧಿಸಿ ಸೋಲ್‌ನಲ್ಲಿ ಮೊಂಬತ್ತಿ ಹಿಡಿದು ಜನ ಬೀದಿಗಿಳಿದರು. ಟಿವಿ ವಾಹಿನಿಗಳು ಹೊರಟುಹೋದ ಮೇಲೂ ರಾತ್ರಿಯಿಡೀ ಬೀದಿಯನ್ನು ತೋರಿಸಿದ್ದು ಲ್ಯಾಪ್‌ಟಾಪ್ ಹಿಡಿದ ಸಾಮಾನ್ಯ ಜನ, ತೋರಿಸಿದ್ದು ಇದೇ ಆಫ್ರಿಕಾ ಟಿವಿಯಲ್ಲಿ. ಗೇಮ್ ತೋರಿಸಲು ಕಲಿತ ಕೈ ಲಾಠಿ ಏಟನ್ನೂ ತೋರಿಸಿತು. ಅದೇ ವರ್ಷ ಕಂಪನಿಯ ಮುಖ್ಯಸ್ಥರು ಕೃತಿಸ್ವಾಮ್ಯದ ಪ್ರಕರಣವೊಂದರಲ್ಲಿ ಬಂಧನಕ್ಕೊಳಗಾದರು. ಆಪಾದನೆ ಇದ್ದದ್ದು ಸಿನಿಮಾ ಫೈಲು ಹಂಚಿಕೆಯ ಬಗ್ಗೆ. ಕಾಲ ಮಾತ್ರ ಪ್ರತಿಭಟನೆಯದ್ದು. ಎರಡಕ್ಕೂ ಸಂಬಂಧವಿದೆಯೆಂದು ಅವರ ಪರವಾಗಿದ್ದವರು ಹೇಳಿದರು, ಇಲ್ಲವೆಂದು ಸರ್ಕಾರ ಹೇಳಿತು.

ಇನ್ನು ಸ್ಯಾನ್ ಫ್ರಾನ್ಸಿಸ್ಕೊ. ಜಸ್ಟಿನ್ ಕಾನ್ ಮತ್ತು ಎಮೆಟ್ ಶಿಯರ್ ಎಂಬ ಇಬ್ಬರು ಯೇಲ್ ಪದವೀಧರರು ‘ಕಿಕೊ’ ಎಂಬ ಆನ್‌ಲೈನ್ ಕ್ಯಾಲೆಂಡರ್ ಮಾಡಿದ್ದರು. 2006ರಲ್ಲಿ ಗೂಗಲ್ ತನ್ನದೇ ಕ್ಯಾಲೆಂಡರ್ ಬಿಟ್ಟಿತು, ಇವರದ್ದು ಮಲಗಿತು. ಹಳೆ ಸಾಮಾನು ಮಾರುವ ಇಬೇಯಲ್ಲಿ ಇಡೀ ಕಂಪನಿಯನ್ನೇ ಹರಾಜಿಗಿಟ್ಟು 2,58,100 ಡಾಲರ್ ಪಡೆದರು. ಆಮೇಲೆ ಮೈಕೆಲ್ ಸೈಬಲ್, ಕೈಲ್ ವೋಗ್ಟ್ ಸೇರಿಕೊಂಡರು. 2007ರ ಮಾರ್ಚ್ 19ರಂದು ಕಾನ್ ಟೊಪ್ಪಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು, ಬೆನ್ನಿಗೆ ಕಂಪ್ಯೂಟರ್ ಚೀಲ ಹಾಕಿಕೊಂಡು, ತನ್ನ ಬದುಕನ್ನು 24 ಗಂಟೆಯೂ ತೋರಿಸುತ್ತೇನೆಂದು ಹೊರಟ. ತಾಣದ ಹೆಸರೂ ‘ಜಸ್ಟಿನ್ ಡಾಟ್ ಟಿವಿ’. ನಿಜ ಹೇಳಬೇಕೆಂದರೆ ಒಬ್ಬ ಎಂಜಿನಿಯರ್‌ನ ಬದುಕು ದಿನವಿಡೀ ನೋಡುವಂಥದ್ದೇನಲ್ಲ. ನೋಡುಗರೇ ಬೇಸರ ಕಳೆಯಲು ದಾರಿ ಹುಡುಕಿದರು: ಆತನ ಮನೆಯಲ್ಲಿ ಚೂರಿ ಇರಿತವಾಗಿದೆಯೆಂದು ಪೊಲೀಸರಿಗೆ ಸುಳ್ಳು ಕರೆ ಮಾಡಿದರು. ಪೊಲೀಸರು ಪಿಸ್ತೂಲು ಹಿಡಿದು ಒಳಗೆ ಬಂದದ್ದು ಲೈವ್‌ನಲ್ಲೇ ಕಾಣಿಸಿತು. ಆಗ ಎಲ್ಲರೂ ನಕ್ಕರು. 2017ರ ಡಿಸೆಂಬರ್‌ನಲ್ಲಿ ಕ್ಯಾನ್ಸಸ್‌ನ ವಿಚಿಟಾದಲ್ಲಿ, ‘ಕಾಲ್ ಆಫ್ ಡ್ಯೂಟಿ’ ಗೇಮಿನ ಜಗಳವೊಂದರಿಂದ ಹುಟ್ಟಿದ ಇಂಥದ್ದೇ ಸುಳ್ಳು ಕರೆಗೆ, ಆ ಜಗಳಕ್ಕೆ ಸಂಬಂಧವೇ ಇಲ್ಲದ ಒಬ್ಬಾತ ತನ್ನ ಮನೆ ಬಾಗಿಲಲ್ಲೇ ಪೊಲೀಸ್ ಗುಂಡಿಗೆ ಸತ್ತ.

2007ರ ಕೊನೆಗೆ ಜಸ್ಟಿನ್ ಡಾಟ್ ಟಿವಿ ಎಲ್ಲರಿಗೂ ತೆರೆದುಕೊಂಡಿತು. ಜನ ಏನೇನೋ ತೋರಿಸಿದರು: ನಾಯಿಮರಿ, ಪ್ರಾರ್ಥನೆ, ಕದ್ದ ಕ್ರಿಕೆಟ್ ಮತ್ತು ಫುಟ್‌ಬಾಲ್ ಪ್ರಸಾರ. ಮೂಲೆಯಲ್ಲಿದ್ದ ಗೇಮ್ ವಿಭಾಗ ಮಾತ್ರ ತಾನಾಗಿಯೇ ಬೆಳೆಯುತ್ತಿತ್ತು. 2011ರ ಜೂನ್ 6ರಂದು ಅದನ್ನು ಬೇರೆ ಮಾಡಿ ‘ಟ್ವಿಚ್’ ಎಂದು ಹೆಸರಿಟ್ಟರು. ಎರಡು-ಮೂರು ವರ್ಷದಲ್ಲಿ ಮಗಳು ತಾಯಿಯನ್ನು ಮೀರಿದಳು. 2014ರ ಆರಂಭದಲ್ಲಿ ಅಮೆರಿಕದ ಇಂಟರ್ನೆಟ್ ಸಂಚಾರದ ದಟ್ಟ ಹೊತ್ತಿನಲ್ಲಿ ನೆಟ್‌ಫ್ಲಿಕ್ಸ್, ಗೂಗಲ್, ಆ್ಯಪಲ್ ಬಿಟ್ಟರೆ ನಾಲ್ಕನೇ ಸ್ಥಾನ ಟ್ವಿಚ್‌ನದ್ದು. ಅದೇ ವರ್ಷದ ಆಗಸ್ಟ್ 5ರಂದು ಜಸ್ಟಿನ್ ಡಾಟ್ ಟಿವಿಗೆ ಬೀಗ ಬಿತ್ತು. ಆಗಸ್ಟ್ 25ರಂದು ಅಮೆಜಾನ್ 97 ಕೋಟಿ ಡಾಲರ್ ನಗದು ಕೊಟ್ಟು ಟ್ವಿಚ್ ಕೊಂಡುಕೊಳ್ಳುವುದಾಗಿ ಪ್ರಕಟಿಸಿತು.

ಆ 2014ರಲ್ಲೇ ನಡೆದ ಒಂದು ಸಂಗತಿಯನ್ನು ಬಿಟ್ಟು ಮುಂದೆ ಹೋಗಲು ನಮಗೆ ಮನಸ್ಸಿಲ್ಲ. ಫೆಬ್ರವರಿ 12ರಂದು ಆಸ್ಟ್ರೇಲಿಯಾದ ಒಬ್ಬ ಪ್ರೋಗ್ರಾಮರ್, ತನ್ನ ಹೆಸರು ಹೇಳಿಕೊಳ್ಳದೆ, ‘ಪೋಕೆಮಾನ್ ರೆಡ್’ ಎಂಬ ಹಳೆ ಗೇಮನ್ನು ಟ್ವಿಚ್‌ಗೆ ಹಚ್ಚಿದ. ಆಡುವವರು ಯಾರೂ ಇಲ್ಲ. ಚಾಟ್‌ನಲ್ಲಿ ಯಾರು ‘ಮೇಲೆ’, ‘ಕೆಳಗೆ’, ‘ಎಡ’ ಎಂದು ಬರೆದರೂ ಗೇಮಿನ ಹುಡುಗ ಆ ಕಡೆ ಹೆಜ್ಜೆ ಇಡುತ್ತಿದ್ದ. ಸಾವಿರಾರು ಜನ ಒಟ್ಟಿಗೆ ಬರೆದರೆ ಏನಾಗಬೇಡ? ಹುಡುಗ ಗೋಡೆಗೆ ಡಿಕ್ಕಿ ಹೊಡೆದ, ಒಂದೇ ಮೂಲೆಯಲ್ಲಿ ಗಂಟೆಗಟ್ಟಲೆ ಸುತ್ತಿದ, ಒಳ್ಳೊಳ್ಳೆಯ ಪೋಕೆಮಾನ್‌ಗಳನ್ನು ಅಪ್ಪಿತಪ್ಪಿ ಬಿಟ್ಟುಕೊಟ್ಟ. ಒಂದು ಹಂತದಲ್ಲಿ ಬಹುಮತ ಬಂದ ಆಜ್ಞೆಯನ್ನಷ್ಟೇ ನಡೆಸುವ ವ್ಯವಸ್ಥೆ ತಂದಾಗ, ಅರಾಜಕತೆಯೇ ಚೆನ್ನಾಗಿತ್ತು ಎಂದು ಜನ ಜಗಳವಾಡಿದರು. ಆದರೂ 16 ದಿನ ಕಳೆದು ಮಾರ್ಚ್ 1ಕ್ಕೆ ಆ ಗೇಮ್ ಗೆದ್ದರು. ಒಮ್ಮೆಗೆ 1,21,000 ಜನ ಕೈ ಹಾಕಿದ್ದೂ ಉಂಟು. ನಮಗಂತೂ ಇದು ಗ್ರಾಮಸಭೆಯ ಹಾಗೆ ಕಂಡಿತು: ಗದ್ದಲ ವಿಪರೀತ, ಠರಾವು ಮಾತ್ರ ಹೇಗೋ ಪಾಸಾಗುತ್ತದೆ. ನೋಡುವವರು ಮತ್ತು ಆಡುವವರ ನಡುವಿನ ಗೆರೆ ಅಳಿಸಿಹೋದದ್ದು ಆ 16 ದಿನಗಳಲ್ಲಿ.

ಈಗ ‘ಶುರು ಮಾಡುವುದು ಹೇಗೆ’ ಎಂಬ ಪ್ರಶ್ನೆಗೆ ಬರೋಣ. ಬಳಗಕ್ಕೆ ಬರುವ ಹೆಚ್ಚಿನ ಪ್ರಶ್ನೆಗಳು ಇದರ ಬಗ್ಗೆಯೇ, ಮತ್ತು ಅದಕ್ಕೂ ಒಂದು ಚರಿತ್ರೆಯಿದೆ.

ಮೊದಲ ತಲೆಮಾರಿನ ಸ್ಟ್ರೀಮರ್‌ಗೆ ಎರಡು ಕಂಪ್ಯೂಟರ್‌ಗಳಿಗೆ ಸಾಲುವಷ್ಟು ದುಡ್ಡು ಬೇಕಿತ್ತು. ಗೇಮ್ ಒಂದರಲ್ಲಿ, ಅದರ ಚಿತ್ರವನ್ನು ಹಿಡಿಯುವ ಕ್ಯಾಪ್ಚರ್ ಕಾರ್ಡ್ ಇನ್ನೊಂದರಲ್ಲಿ. ಚಿತ್ರವನ್ನು ಕುಗ್ಗಿಸಿ ಕಳಿಸುವ ಒಳ್ಳೆಯ ಸಾಫ್ಟ್‌ವೇರ್‌ಗೆ ಚಂದಾ ಕಟ್ಟಬೇಕಿತ್ತು. 2012ರಲ್ಲಿ ಹ್ಯೂ ಬೈಲಿ ಎಂಬ ಪ್ರೋಗ್ರಾಮರ್ ‘ಓಬಿಎಸ್’ ಎಂಬ ತಂತ್ರಾಂಶ ಬರೆದು ಉಚಿತವಾಗಿ, ಮೂಲ ಕೋಡ್ ಸಮೇತ ಹಂಚಿದರು. ಇವತ್ತು ಗೇಮ್ ಸ್ಟ್ರೀಮರ್‌ಗಳಷ್ಟೇ ಅಲ್ಲ, ಯಕ್ಷಗಾನ ಲೈವ್ ಮಾಡುವವರು, ಮದುವೆ ಲೈವ್ ಮಾಡುವ ಫೋಟೊ ಸ್ಟುಡಿಯೊದವರು, ಪಾಠ ಮಾಡುವ ಮೇಷ್ಟ್ರುಗಳು ಬಳಸುವುದೂ ಇದನ್ನೇ. ವೇದಿಕೆ ಕೊಡುವ ‘ಸ್ಟ್ರೀಮ್ ಕೀ’ ಎಂಬ ಉದ್ದದ ಅಕ್ಷರಸಾಲನ್ನು ಓಬಿಎಸ್‌ಗೆ ಅಂಟಿಸಿದರೆ ದಾರಿ ತೆರೆಯುತ್ತದೆ. ಆ ಸಾಲು ಮನೆಯ ಬೀಗದ ಕೈ ಇದ್ದ ಹಾಗೆ. ಸಿಕ್ಕವರು ನಿಮ್ಮ ಚಾನಲ್‌ನಲ್ಲಿ ತಮ್ಮ ಪ್ರಸಾರ ಓಡಿಸಬಹುದು. ಸ್ಕ್ರೀನ್‌ಶಾಟ್ ತೆಗೆದು ಗೆಳೆಯರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಸಹಾಯ ಕೇಳುವ ಹುಡುಗರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಮೊಬೈಲಿನ ಕತೆ ಬೇರೆ. ಆಂಡ್ರಾಯ್ಡ್ ಫೋನಿನ ಪರದೆಯನ್ನು ಇನ್ನೊಂದು ಆ್ಯಪ್ ಚಿತ್ರೀಕರಿಸಬೇಕೆಂದರೆ ಮೊದಲು ಫೋನನ್ನು ‘ರೂಟ್’ ಮಾಡಿ ಅದರ ಬೀಗ ಒಡೆಯಬೇಕಿತ್ತು. 2014ರಲ್ಲಿ ಬಂದ ಆಂಡ್ರಾಯ್ಡ್ 5 ಇದಕ್ಕೆ ಅಧಿಕೃತ ಬಾಗಿಲು ತೆರೆಯಿತು. ಐಫೋನಿನಲ್ಲಿ 2016ರ ಹೊತ್ತಿಗೆ ಲೈವ್ ಅವಕಾಶ ಬಂತು. ಆದರೆ ಆಂಡ್ರಾಯ್ಡ್‌ನಲ್ಲಿ ಗೇಮಿನ ಒಳಗಿನ ಸದ್ದನ್ನು ನೇರವಾಗಿ ಹಿಡಿಯಲು 2019ರ ಆಂಡ್ರಾಯ್ಡ್ 10ರ ತನಕ ಕಾಯಬೇಕಾಯಿತು. ಅಲ್ಲಿಯ ತನಕ ಫೋನಿನ ಸ್ಪೀಕರ್ ಜೋರು ಮಾಡಿ, ಅದೇ ಫೋನಿನ ಮೈಕಿಗೆ ಕೇಳಿಸುವುದೊಂದೇ ಸುಲಭದ ದಾರಿ. ಆ ಕಾಲದ ರೆಕಾರ್ಡಿಂಗ್‌ಗಳಲ್ಲಿ ಗುಂಡಿನ ಸದ್ದಿನ ಜೊತೆ ಮನೆಯ ಕುಕ್ಕರ್ ಸೀಟಿ, ಹಿತ್ತಲಿನ ಕೋಳಿ, ‘ಊಟಕ್ಕೆ ಬಾರೋ’ ಎಂಬ ಕೂಗು ಎಲ್ಲ ಬೆರೆತಿರುವುದು ಅದಕ್ಕೇ. ತಾಂತ್ರಿಕವಾಗಿ ಅದು ದೋಷ. ಕೇಳಲು ಮಾತ್ರ ಈಗಿನ ಶುಭ್ರ ಧ್ವನಿಗಿಂತ ನಮಗೆ ಅದೇ ಇಷ್ಟ.

ಹಳ್ಳಿಯಲ್ಲಿ ಕೂತು ಲೈವ್ ಮಾಡುವವರಿಗೆ ಫೋನಿಗಿಂತ ದೊಡ್ಡ ಅಡ್ಡಿ ಇನ್ನೊಂದಿತ್ತು, ಈಗಲೂ ಇದೆ. ನಮ್ಮ ದೇಶದಲ್ಲಿ ಇಂಟರ್ನೆಟ್ ಅನ್ನು ಮಾರಿದ್ದು ಡೌನ್‌ಲೋಡ್ ವೇಗದ ಹೆಸರಲ್ಲಿ. ಹಳೆಯ ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್‌ಗೆ ಎಡಿಎಸ್ಎಲ್ ಎಂದು ಹೆಸರು. ಅದರ ಮೊದಲ ಅಕ್ಷರದ ಅರ್ಥವೇ ‘ಅಸಮ’. ಬರುವ ದಾರಿ ಅಗಲ, ಹೋಗುವ ದಾರಿ ಕಾಲುಹಾದಿ. ಜನ ನೋಡುತ್ತಾರೆ, ಕೇಳುತ್ತಾರೆ, ಅವರಿಗೆ ಕಳಿಸುವುದೇನಿದೆ ಎಂಬ ಎಣಿಕೆ ತಂತಿಯೊಳಗೇ ಸೇರಿಹೋಗಿತ್ತು. 4ಜಿ ಗೋಪುರಗಳಲ್ಲೂ ಹೆಚ್ಚಿನ ಪಾಲು ಇಳಿಕೆಗೇ ಮೀಸಲು. ಲೆಕ್ಕ ಹಾಕಿ ನೋಡಿ: ಸಾಧಾರಣ ಗುಣಮಟ್ಟದ ಗೇಮ್ ಲೈವ್‌ಗೆ ಸೆಕೆಂಡಿಗೆ 2,500 ಕಿಲೋಬಿಟ್ ಕಳಿಸಬೇಕು. ಗಂಟೆಗೆ ಸುಮಾರು 1.1 ಜಿಬಿ. ದಿನಕ್ಕೆ 1.5 ಜಿಬಿಯ ಪ್ಯಾಕ್ ಹಾಕಿಸಿಕೊಂಡವನ ಲೈವ್ 80 ನಿಮಿಷಕ್ಕೆ ಉಸಿರು ಬಿಡುತ್ತದೆ. ಗೇಮ್ ನುಂಗುವ ಡೇಟಾ ಬೇರೆ. ಬೆಳಗಿನ ಜಾವ 4 ಗಂಟೆಗೆ ಎದ್ದು ಲೈವ್ ಬರುವ ಹುಡುಗರಿದ್ದಾರೆ, ಆಗ ಟವರ್ ಖಾಲಿ ಇರುತ್ತದೆ ಎಂದು. ಮನೆಯವರು ಓದಲು ಎದ್ದಿದ್ದಾನೆ ಅಂದುಕೊಳ್ಳುತ್ತಾರೆ.

ಕಳಿಸುವ ಹಕ್ಕು ಯಾರದ್ದು ಎಂಬ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮೀಟರ್ ಇಟ್ಟುಕೊಂಡು ಬಾನುಲಿ ಪ್ರಸಾರ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಚಾಲ್ತಿಗೆ ಬಂದದ್ದು ಆ ಮನೆಯಿಂದ. ಕೆಲ ವರ್ಷದ ಮೇಲೆ ಅದು ಮೈಸೂರು ಸರ್ಕಾರದ ಕೈ ಸೇರಿತು, ಸ್ವಾತಂತ್ರ್ಯಾನಂತರ ಕೇಂದ್ರದ್ದಾಯಿತು. ಮನೆಯಿಂದ ಪ್ರಸಾರ ಮಾಡುವುದು ಮತ್ತೆ ಸಾಮಾನ್ಯ ಕನ್ನಡಿಗನ ಕೈಗೆ ಬರಲು 80 ವರ್ಷ ಹಿಡಿಯಿತು.

ಆ ಮರಳಿ ಬರುವಿಕೆಗೆ ಎರಡು ದಿನಾಂಕ ಗುರುತಿಸಬಹುದು. 2016ರ ಸೆಪ್ಟೆಂಬರ್ 5ರಂದು ಜಿಯೊ ಶುರುವಾಗಿ ಡೇಟಾ ಬೆಲೆ ಕುಸಿಯಿತು. 2018ರ ಮಾರ್ಚ್ 19ರಂದು ‘ಪಬ್‌ಜಿ ಮೊಬೈಲ್’ ಜಗತ್ತಿಗೆ ಬಿಡುಗಡೆಯಾಯಿತು. ಕಾನ್ ಟೊಪ್ಪಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು ಹನ್ನೊಂದು ವರ್ಷ ತುಂಬಿದ ದಿನವೇ ಅದು ಅನ್ನುವುದು ಬರೀ ಕಾಕತಾಳೀಯ. ಕಂಪ್ಯೂಟರ್ ಬೇಡ, ಪ್ಲೇಸ್ಟೇಷನ್ ಬೇಡ, ನಾಲ್ವರ ತಂಡ, ಕಿವಿಯಲ್ಲಿ ಮಾತು. ಹತ್ತನೇ ತರಗತಿ ಮುಗಿಸಿ ಬೇರೆ ಬೇರೆ ಊರಿಗೆ ಹೋದ ಗೆಳೆಯರು ಮತ್ತೆ ಸಂಜೆ ಒಂದೆಡೆ ಸೇರುವ ಕಟ್ಟೆಯಾಯಿತು ಅದು. ಅಲ್ಲಿಂದಲೇ ಹಿಂದಿ, ತಮಿಳು, ತೆಲುಗು, ಮಲಯಾಳದ ಹಾಗೆ ಕನ್ನಡದಲ್ಲೂ ಗೇಮ್ ಲೈವ್ ಹುಟ್ಟಿತು. ಟ್ವಿಚ್‌ನಲ್ಲಲ್ಲ, ಯೂಟ್ಯೂಬ್‌ನಲ್ಲಿ, ಏಕೆಂದರೆ ಅದು ಫೋನ್ ಕೊಂಡಾಗಲೇ ಒಳಗಿತ್ತು. 2017ರಲ್ಲಿ ಮೊಬೈಲ್ ಲೈವ್ ತೆರೆದಾಗ ಯೂಟ್ಯೂಬ್ 10,000 ಚಂದಾದಾರರನ್ನು ಕೇಳಿತ್ತು. ಈಗ 50 ಸಾಕು. ಮೊದಲ ಸಲ ಲೈವ್ ಸೌಲಭ್ಯ ಕೇಳಿದವರು 24 ಗಂಟೆ ಕಾಯಬೇಕು, ಮತ್ತು 2025ರ ಜುಲೈ 22ರಿಂದ ಒಬ್ಬರೇ ಲೈವ್ ಬರಲು ಕನಿಷ್ಠ ವಯಸ್ಸು 13ರಿಂದ 16ಕ್ಕೇರಿದೆ. ಒಂಬತ್ತನೇ ತರಗತಿಯ ತಮ್ಮಂದಿರು ಅಣ್ಣನ ಹೆಸರಲ್ಲಿ ಚಾನಲ್ ತೆರೆಯುವುದಕ್ಕೆ ಕಾರಣ ಇದೇ.

ಕನ್ನಡ ಲೈವ್‌ನ ಭಾಷೆಯ ಬಗ್ಗೆ ಬೇರೆಯೇ ಲೇಖನ ಬೇಕು. ಒಂದೇ ಮಾತು ಇಲ್ಲಿ: ಸುದ್ದಿ ವಾಹಿನಿಗಳಲ್ಲಿ ಎಲ್ಲ ಜಿಲ್ಲೆಯ ಕನ್ನಡವನ್ನೂ ಇಸ್ತ್ರಿ ಮಾಡಿ ಒಂದೇ ಮಡಿಕೆಗೆ ತರುತ್ತಾರೆ. ಗೇಮ್ ಲೈವ್‌ನಲ್ಲಿ ಹುಬ್ಬಳ್ಳಿಯ ‘ಬಾರಲೇ’, ಮಂಡ್ಯದ ‘ಬಾರ್ಲಾ’, ಕುಂದಾಪುರದ ‘ಬಾ ಮಾರಾಯ’ ಮೂರೂ ಒಂದೇ ಜೀಪಿನಲ್ಲಿ ಕೂತು ಹೋಗುತ್ತವೆ. ಬೈಗುಳವೂ ಹೋಗುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಮೈಕ್ ಆನ್ ಮಾಡಿದೊಡನೆ ದನಿ ಹುಡುಗಿಯದ್ದೆಂದು ತಿಳಿದರೆ ಚಾಟ್ ಹೇಗೆ ತಿರುಗುತ್ತದೆ ಎಂಬುದನ್ನು ಹೆಣ್ಣುಮಕ್ಕಳನ್ನು ಕೇಳಿ. ಇದು ಕನ್ನಡಕ್ಕಷ್ಟೇ ಅಂಟಿದ ರೋಗವಲ್ಲ. ಮಹಿಳೆಯರ, ಕಪ್ಪು ಜನರ, ಲಿಂಗತ್ವ ಅಲ್ಪಸಂಖ್ಯಾತರ ಚಾನಲ್‌ಗಳಿಗೆ ಗುಂಪಾಗಿ ನುಗ್ಗಿ ದ್ವೇಷ ಕಾರುವುದು ಮಿತಿಮೀರಿದಾಗ, 2021ರ ಸೆಪ್ಟೆಂಬರ್ 1ರಂದು ಸ್ಟ್ರೀಮರ್‌ಗಳು ಒಂದು ದಿನ ಟ್ವಿಚ್ ಬಹಿಷ್ಕರಿಸಿದರು. ಅದಕ್ಕೂ ಎರಡು ವರ್ಷ ಹಿಂದೆ, 2019ರ ಅಕ್ಟೋಬರ್‌ನಲ್ಲಿ, ಜರ್ಮನಿಯ ಹಾಲೆ ನಗರದಲ್ಲಿ ಯಹೂದಿ ಪ್ರಾರ್ಥನಾ ಮಂದಿರಕ್ಕೆ ದಾಳಿಯಿಟ್ಟವನು ಅದನ್ನು ಟ್ವಿಚ್‌ನಲ್ಲಿ ನೇರ ತೋರಿಸಿದ್ದ. ಎಲ್ಲರಿಗೂ ತೆರೆದ ಬಾಗಿಲಲ್ಲಿ ಎಲ್ಲರೂ ಬರುತ್ತಾರೆ. ಹಾಗಾಗಿ ಹೊಸದಾಗಿ ಶುರು ಮಾಡುವವರಿಗೆ ನಾವು ಹೇಳುವ ಮೊದಲ ಕೆಲಸ ಒಳ್ಳೆಯ ಮೈಕ್ ಕೊಳ್ಳುವುದಲ್ಲ, ಚಾಟ್ ಕಾಯಲು ನಂಬಿಕಸ್ಥ ಗೆಳೆಯರಿಬ್ಬರನ್ನು ಮಾಡರೇಟರ್ ಮಾಡಿಕೊಳ್ಳುವುದು.

ಇನ್ನು ಕಾನೂನು. 2019ರ ಮಾರ್ಚ್‌ನಲ್ಲಿ ಗುಜರಾತಿನ ರಾಜಕೋಟ್‌ನಲ್ಲಿ ಪಬ್‌ಜಿ ನಿಷೇಧಿಸಿ ಹೊರಡಿಸಿದ ಆದೇಶದಡಿ, ಮೊಬೈಲಿನಲ್ಲಿ ಆಡಿದ ತಪ್ಪಿಗೆ ಹತ್ತು ಮಂದಿಯನ್ನು ಪೊಲೀಸರು ಹಿಡಿದರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ ಚೀನಾ ನಂಟಿನ 118 ಆ್ಯಪ್‌ಗಳನ್ನು ನಿಷೇಧಿಸಿತು. 2021ರ ಜುಲೈಯಲ್ಲಿ ಅದು ‘ಬಿಜಿಎಂಐ’ ಎಂಬ ಹೊಸ ಅಂಗಿ ತೊಟ್ಟು ಬಂತು. 2022ರ ಜುಲೈ 28ರಂದು ಅದಕ್ಕೂ ತಡೆ. 2023ರ ಮೇ ಕೊನೆಗೆ ಮತ್ತೆ ಹಾಜರಿ. ಈ ಮೂರು ವರ್ಷದ ಹಾವು-ಏಣಿ ಆಟದಲ್ಲಿ ಒಂದೇ ಗೇಮ್ ನಂಬಿ ಲೈವ್ ಮಾಡುತ್ತಿದ್ದವರ ಪಾಡು ಏನಾಗಿರಬೇಕು ಯೋಚಿಸಿ. ಬೆಳಗ್ಗೆ ಎದ್ದರೆ ನೋಡುಗರಿದ್ದಾರೆ, ಚಾನಲ್ ಇದೆ, ಆಟವೇ ಇಲ್ಲ.

ಕರ್ನಾಟಕದ ಪಾಲಿಗೆ ಬಂದ ಕಾಯ್ದೆ ಇನ್ನೊಂದು. ಕರ್ನಾಟಕ ಪೊಲೀಸ್ ತಿದ್ದುಪಡಿ ಕಾಯ್ದೆ 2021ರ ಅಕ್ಟೋಬರ್ 5ರಿಂದ ಜಾರಿಗೆ ಬಂತು. ಗುರಿ ಆನ್‌ಲೈನ್ ಜೂಜು. ಆದರೆ ಹಣ ಕಟ್ಟಿ ಆಡುವ ಯಾವ ಆಟವಾದರೂ, ಅದು ಕೌಶಲದ್ದಾಗಿದ್ದರೂ ಕೂಡ, ಅದರ ಬಲೆಗೆ ಬೀಳುವಂತಿತ್ತು. ಪ್ರವೇಶ ಶುಲ್ಕ ಇಟ್ಟು ಸಣ್ಣ ಟೂರ್ನಮೆಂಟ್ ನಡೆಸಿ ಲೈವ್ ತೋರಿಸುತ್ತಿದ್ದವರು ಗಾಬರಿಯಾದರು. ಕೆಲವು ಕಂಪನಿಗಳು ಕರ್ನಾಟಕದ ಬಳಕೆದಾರರಿಗೆ ಬಾಗಿಲು ಹಾಕಿದವು. 2022ರ ಫೆಬ್ರವರಿ 14ರಂದು ಹೈಕೋರ್ಟಿನ ವಿಭಾಗೀಯ ಪೀಠ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಅಸಾಂವಿಧಾನಿಕವೆಂದು ರದ್ದು ಮಾಡಿತು. ಅದೇ ದಿನ ದೆಹಲಿಯಲ್ಲಿ ‘ಫ್ರೀ ಫೈರ್’ ಸೇರಿ 54 ಆ್ಯಪ್‌ಗಳ ನಿಷೇಧದ ಸುದ್ದಿ ಹೊರಬಿತ್ತು. ಸಣ್ಣ ಫೋನಿನವರ ಗೇಮ್ ಅದು, ಹಳ್ಳಿಗಳಲ್ಲಿ ಪಬ್‌ಜಿಗಿಂತ ಹೆಚ್ಚು ಕಂಡದ್ದು. ಅದರ ತಮ್ಮನಾದ ‘ಫ್ರೀ ಫೈರ್ ಮ್ಯಾಕ್ಸ್’ ಮಾತ್ರ ಅಂಗಡಿಯಲ್ಲಿ ಹಾಗೇ ಉಳಿಯಿತು. ಒಂದೇ ದಿನ ಒಂದು ಬಾಗಿಲು ತೆರೆದು ಇನ್ನೊಂದು ಮುಚ್ಚಿದ್ದನ್ನು ನಮ್ಮ ಪತ್ರಿಕೆಗಳು ಎರಡು ಬೇರೆ ಪುಟಗಳಲ್ಲಿ ಪ್ರಕಟಿಸಿದವು.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಮಸೂದೆ ಅಂಗೀಕರಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣದ ಆಟಗಳಿಗೂ ಅವುಗಳ ಜಾಹೀರಾತಿಗೂ ನಿಷೇಧ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ. ಹಣದ ಆಟಗಳಲ್ಲಿ ಮನೆ ಮುಳುಗಿಸಿಕೊಂಡವರನ್ನು ನಮ್ಮ ಊರುಗಳಲ್ಲೂ ಕಂಡಿದ್ದೇವೆ, ನಿಷೇಧದ ಉದ್ದೇಶದ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಲೈವ್ ಮಾಡುವ ಎಷ್ಟೋ ಹುಡುಗರಿಗೆ ಪ್ರಾಯೋಜಕರಾಗಿ ಬರುತ್ತಿದ್ದುದು ಇಂಥ ಆ್ಯಪ್‌ಗಳೇ. ಆ ಜಾಗಕ್ಕೆ ಬೇರೆ ಯಾರೂ ಓಡೋಡಿ ಬಂದಿಲ್ಲ.

ಸರ್ಕಾರ ಮುಚ್ಚದಿದ್ದರೆ ಕಂಪನಿಯೇ ಮುಚ್ಚುತ್ತದೆ ಅನ್ನುವುದು ಈ ಚರಿತ್ರೆಯ ಇನ್ನೊಂದು ಮುಖ. ಮೈಕ್ರೊಸಾಫ್ಟ್ 2016ರಲ್ಲಿ ‘ಬೀಮ್’ ಎಂಬ ತಾಣ ಕೊಂಡು ‘ಮಿಕ್ಸರ್’ ಎಂದು ಹೆಸರು ಬದಲಿಸಿತು. 2019ರ ಆಗಸ್ಟ್‌ನಲ್ಲಿ ‘ನಿಂಜಾ’ ಎಂದೇ ಹೆಸರಾದ, ಟ್ವಿಚ್‌ನ ಅತಿ ದೊಡ್ಡ ತಾರೆಯನ್ನು ಅಲ್ಲಿಗೆ ಸೆಳೆಯಿತು. ಒಂದೇ ವರ್ಷದೊಳಗೆ, 2020ರ ಜುಲೈ 22ರಂದು ಮಿಕ್ಸರ್ ಇಲ್ಲವಾಯಿತು. ಬಳಕೆದಾರರಿಗೆ ಫೇಸ್‌ಬುಕ್ ಗೇಮಿಂಗ್‌ಗೆ ಹೋಗಿ ಎಂದರು. ಫೇಸ್‌ಬುಕ್ ಗೇಮಿಂಗ್ ಆ್ಯಪ್ 2022ರ ಅಕ್ಟೋಬರ್‌ನಲ್ಲಿ ಕಣ್ಣು ಮುಚ್ಚಿತು. ಯೂಟ್ಯೂಬ್‌ನ ಪ್ರತ್ಯೇಕ ಗೇಮಿಂಗ್ ಆ್ಯಪ್ 2015ರಲ್ಲಿ ಹುಟ್ಟಿ 2019ರಲ್ಲಿ ಹೋಯಿತು. ಚೀನಾದ ಪಾಂಡಾ ಟಿವಿ ಕೂಡ 2019ರಲ್ಲೇ. ಕೊನೆಗೆ ಟ್ವಿಚ್ ಸ್ವತಃ 2024ರ ಫೆಬ್ರವರಿ 27ರಂದು ದಕ್ಷಿಣ ಕೊರಿಯಾದಿಂದ ಕಾಲ್ತೆಗೆಯಿತು. ಅಲ್ಲಿ ಇಂಟರ್ನೆಟ್ ಕಂಪನಿಗಳಿಗೆ ಕಟ್ಟಬೇಕಾದ ಜಾಲ ಶುಲ್ಕ ಬೇರೆ ಬಹುತೇಕ ದೇಶಗಳಿಗಿಂತ 10 ಪಟ್ಟು ಹೆಚ್ಚು ಎಂಬುದು ಅದು ಕೊಟ್ಟ ಕಾರಣ. ಗೇಮ್ ನೋಡುವುದನ್ನು ಜಗತ್ತಿಗೆ ಕಲಿಸಿದ ಊರಿನಿಂದಲೇ ಗಂಟುಮೂಟೆ. ಆಫ್ರಿಕಾ ಟಿವಿ ಅದೇ ವರ್ಷ ‘ಸೂಪ್’ ಎಂದು ಹೆಸರು ಬದಲಿಸಿಕೊಂಡು ಈಗಲೂ ನಡೆಯುತ್ತಿದೆ.

ಒಂದೊಂದು ತಾಣ ಮುಚ್ಚಿದಾಗಲೂ ಅದರೊಳಗಿನ ಮಾತು, ನಗು, ಜಗಳ ಎಲ್ಲ ಅಳಿಸಿಹೋಗುತ್ತವೆ. ಜಸ್ಟಿನ್ ಡಾಟ್ ಟಿವಿಯಲ್ಲಿ ಏಳು ವರ್ಷ ಜನ ತೋರಿಸಿದ್ದರಲ್ಲಿ ಉಳಿದದ್ದು ಚೂರುಪಾರು. ಟ್ವಿಚ್‌ನಲ್ಲಿ ಸಾಮಾನ್ಯ ಬಳಕೆದಾರನ ಹಳೆಯ ಪ್ರಸಾರ ಕೆಲವೇ ದಿನ ಇರುತ್ತದೆ. ಎತ್ತಿಟ್ಟುಕೊಂಡ ಭಾಗಗಳಿಗೂ 2025ರ ಏಪ್ರಿಲ್‌ನಿಂದ ಒಬ್ಬರಿಗೆ 100 ಗಂಟೆಯ ಮಿತಿ. ಯೂಟ್ಯೂಬ್ ಸದ್ಯಕ್ಕೆ ಉದಾರಿ, ಆದರೆ ನಿಷೇಧವಾದಾಗ ಹೆದರಿ, ಅಥವಾ ಕೆಲಸಕ್ಕೆ ಸೇರಿದ ಮೇಲೆ ನಾಚಿ, ತಮ್ಮ ಹಳೆಯ ವಿಡಿಯೊಗಳನ್ನು ತಾವೇ ಅಳಿಸಿಹಾಕಿದವರು ಬಹಳ. 2018ರಿಂದ 2020ರ ನಡುವಿನ ಕನ್ನಡ ಗೇಮ್ ಲೈವ್‌ಗಳು ಹೀಗೆ ದಿನವೂ ಕರಗುತ್ತಿವೆ. ಲಾಕ್‌ಡೌನ್ ಕಾಲದಲ್ಲಿ ನಮ್ಮ ಹಳ್ಳಿ ಹುಡುಗರು ರಾತ್ರಿ ಎರಡು ಗಂಟೆಗೆ ಏನು ಮಾತಾಡಿಕೊಂಡರು, ಬೆಂಗಳೂರಿನಿಂದ ಕೆಲಸ ಬಿಟ್ಟು ಬಂದವರು ಗೇಮಿನ ನಡುವೆ ಏನೆಂದು ಗೊಣಗಿದರು ಎಂಬುದಕ್ಕೆ ಬೇರೆ ಯಾವ ದಾಖಲೆಯೂ ಇಲ್ಲ. ಯಾವ ವರದಿಗಾರನೂ ಆ ಹೊತ್ತಲ್ಲಿ ಅಲ್ಲಿರಲಿಲ್ಲ.

ಬಳಗದಲ್ಲಿ ಮೂವರು ಸೇರಿ, ಚಾನಲ್‌ನವರ ಒಪ್ಪಿಗೆ ಪಡೆದು, ಅಂಥ ಹಳೆಯ ಲೈವ್‌ಗಳನ್ನು ಇಳಿಸಿಟ್ಟುಕೊಳ್ಳಲು ಶುರು ಮಾಡಿದ್ದೇವೆ. ಹಾರ್ಡ್ ಡಿಸ್ಕ್ ಒಂದು ತುಂಬಿದೆ, ಎರಡನೆಯದಕ್ಕೆ ಚಂದಾ ಎತ್ತುತ್ತಿದ್ದೇವೆ. ನಿಮ್ಮದೋ ನಿಮ್ಮ ತಮ್ಮನದೋ ಪುಟ್ಟ ಚಾನಲ್ ಇದ್ದರೆ, ನೋಡುಗರು ಮೂರೇ ಇದ್ದರೂ ಸರಿ, ಅಳಿಸುವ ಮುನ್ನ ನಮಗೊಂದು ಮಾತು ತಿಳಿಸಿ. ಕುಕ್ಕರ್ ಸೀಟಿ ಕೇಳಿಸುವಂಥದ್ದಾದರೆ ಇನ್ನೂ ಒಳ್ಳೆಯದು.